ಏಳು ಹಿಂಬಾಗಿಲು, ನಲವತ್ತು ಚೀಟಿ

ಬೆಳಗಿನ ಐದೂಮುಕ್ಕಾಲು. ಬೀದಿಯ ಅಂಗಡಿಗಳೆಲ್ಲ ಇನ್ನೂ ಷಟರ್ ಎಳೆದುಕೊಂಡು ಮಲಗಿವೆ. ಹಿಂದಿನ ಗಲ್ಲಿಯಲ್ಲಿ ಮಾತ್ರ ಆಗಲೇ ಒಲೆ ಹೊತ್ತಿದೆ. ಈರುಳ್ಳಿ ಸಿಪ್ಪೆಯ ಬುಟ್ಟಿ, ಖಾಲಿ ಎಣ್ಣೆ ಡಬ್ಬ, ತೊಳೆದು ಬೋರಲು ಹಾಕಿದ ಬಕೆಟ್ಟುಗಳ ನಡುವೆ ದಾರಿ ಮಾಡಿಕೊಂಡು ಒಬ್ಬ ಹೆಂಗಸು ಬರುತ್ತಾರೆ. ಹೆಗಲಿಗೆ ಬಟ್ಟೆಯ ಚೀಲ. ಅದರೊಳಗೆ ಔಷಧದ ಸೀಸೆಯಷ್ಟೇ ದೊಡ್ಡದಾದ ಹದಿನಾಲ್ಕು ಪುಟ್ಟ ಬಾಟಲಿ, ಒಂದು ಸ್ಟೀಲ್ ಚಮಚ, ಒಣ ಬ್ರೆಡ್ಡಿನ ಪೊಟ್ಟಣ, ಕುಡಿಯುವ ನೀರು, ಮುಚ್ಚಳವಿರುವ ಒಂದು ತಗಡಿನ ಡಬ್ಬಿ. ಹೆಜ್ಜೆ ಹಾಕಿದಂತೆ ಚೀಲ ಕಿಣಿಕಿಣಿ ಅನ್ನುತ್ತದೆ. ಗಲ್ಲಿಯ ಬೆಕ್ಕಿಗೂ ಆ ಸದ್ದಿನ ಪರಿಚಯವಿದೆ. ತಲೆ ಎತ್ತಿ ನೋಡಿ ಮತ್ತೆ ಮುದುರಿಕೊಳ್ಳುತ್ತದೆ.

ಮೊದಲ ಬಾಗಿಲು ಕರಿದ ಕೋಳಿಯ ಅಂಗಡಿಯದು. ಅಡುಗೆಯವನು, ಬೀದಿಯ ಬಾಯಲ್ಲಿ ಬಾಣಲೆಯಣ್ಣ, ರಾತ್ರಿಯಿಡೀ ಮಸಾಲೆಯಲ್ಲಿ ನೆನೆದ ಕೋಳಿಯಿಂದ ಎರಡು ತುಂಡು ತೆಗೆದು ದಿನದ ಮೊದಲ ಎಣ್ಣೆಗೆ ಬಿಡುತ್ತಾನೆ. ಹದ ನೋಡುವುದಕ್ಕೆಂದು ಇದು ಅವನ ದಿನದ ಪದ್ಧತಿ. ಒಂದು ತುಂಡು ಅವನಿಗೆ, ಒಂದು ಇವರಿಗೆ. ಇವರು ನಿಂತೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಎದುರಿನ ಗೋಡೆ ನೋಡುತ್ತ ನಿಧಾನವಾಗಿ ಅಗಿಯುತ್ತಾರೆ. ಆಮೇಲೆ ಒಂದು ಪುಟ್ಟ ಬಾಟಲಿಯ ಮುಚ್ಚಳಕ್ಕೆ ವೈನ್ ಬಗ್ಗಿಸಿ, ಬಾಯಿತುಂಬ ಆಡಿಸಿ, ಡಬ್ಬಿಗೆ ಉಗುಳುತ್ತಾರೆ. ಒಂದು ಚೂರು ಬ್ರೆಡ್ಡು, ಒಂದು ಗುಟುಕು ನೀರು. ಮತ್ತೆ ಕೋಳಿ, ಮತ್ತೊಂದು ಬಾಟಲಿ.

“ನಿನ್ನೆ ಮೆಣಸು ಅರೆದಿದ್ದು ಯಾರು?” ಎಂದು ಕೇಳುತ್ತಾರೆ.

“ನಮ್ಮ ಮನೆಯವಳು.”

“ಅದಕ್ಕೇ. ಕೈ ಜೋರಾಗಿದೆ.”

“ಎದ್ದಾಗಿನಿಂದ ಬಾಯೂ ಜೋರಾಗೇ ಇದೆ ಅಕ್ಕ,” ಅನ್ನುತ್ತಾನೆ ಬಾಣಲೆಯಣ್ಣ, ಒಳಗಿನ ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡು.

ಇಷ್ಟು ಹೇಳಿ ಅವನು ತಿರುಗಿ ಒಲೆಯ ಕಡೆ ಮುಖ ಮಾಡುತ್ತಾನೆ. ಒಲೆಯಲ್ಲಿ ಆ ಹೊತ್ತಿಗೆ ನೋಡುವಂಥದ್ದು ಏನೂ ಇಲ್ಲ. ಆದರೂ ಎಣಿಸಿದಂತೆ ಅಷ್ಟು ಹೊತ್ತು ಬೆನ್ನು ತೋರಿಸಿಕೊಂಡೇ ನಿಲ್ಲುತ್ತಾನೆ. ಮುಂದಿನ ಆರು ಬಾಗಿಲುಗಳಲ್ಲೂ ಹೀಗೆಯೇ, ಅಡುಗೆಯವರು ಒಂದು ಗಳಿಗೆ ಮುಖ ತಿರುಗಿಸುತ್ತಾರೆ. ಯಾಕೆ ಅನ್ನುವುದಕ್ಕೆ ಒಂದು ಕಥೆಯಿದೆ. ಅದು ಈ ವರ್ಷ ನಡೆದದ್ದು.

ಈ ಹೆಂಗಸು ಬೀದಿಯ ಮೂಲೆಯಲ್ಲಿರುವ ವೈನ್ ಅಂಗಡಿಯ ಕೆಲಸದವರು. ವಯಸ್ಸು ಐವತ್ತೆಂಟು. ಎಲ್ಲರೂ ಕರೆಯುವುದು ಚೀಟಿಯಕ್ಕ ಎಂದು. ಬೀದಿಯಲ್ಲಿ ಏಳು ಸಣ್ಣ ಹೋಟೆಲುಗಳಿವೆ. ಒಂದರಲ್ಲೂ ಹತ್ತು ಮೇಜಿಗಿಂತ ಹೆಚ್ಚಿಲ್ಲ. ಎರಡರಲ್ಲಿ ಮೇಜೇ ಇಲ್ಲ, ಬರಿ ಕಿಟಕಿ. ಕೆಲಸ ಮುಗಿಸಿ ಮನೆಗೆ ಹೋಗುವವರು ಇಲ್ಲಿ ಪೊಟ್ಟಣ ಕಟ್ಟಿಸಿಕೊಳ್ಳುತ್ತಾರೆ. ಕರಿದ ಕೋಳಿ, ಕೆಂಡದ ಮೇಲೆ ಸುಟ್ಟ ಮೀನು, ನೂಡಲ್ಸ್, ಹುರುಳಿಕಾಯಿ ಮಾಂಸದ ಗೊಜ್ಜು, ಅಣಬೆಯ ಆಮ್ಲೆಟ್ಟು. ಅದನ್ನು ಹಿಡಿದುಕೊಂಡು ಮೂಲೆಯ ಅಂಗಡಿಗೆ ಬಂದು ಕೌಂಟರಿನ ಮೇಲಿಟ್ಟು, ಇದಕ್ಕೆ ಯಾವುದು ಹೊಂದುತ್ತದೆ ಎಂದು ಕೇಳುತ್ತಾರೆ. ಕೇಳುವುದಕ್ಕೆ ಸಂಕೋಚಪಡುವವರಿಗೂ ತೊಂದರೆಯಿಲ್ಲ. ಆವತ್ತಿಗೆ ಹೊಂದುವ ಬಾಟಲಿಗಳ ಕೊರಳಿಗೆ ದಾರದಲ್ಲಿ ಚೀಟಿ ಕಟ್ಟಿರುತ್ತದೆ.

ಚೀಟಿಯಲ್ಲಿ ದ್ರಾಕ್ಷಿಯ ಜಾತಿ, ತೋಟದ ಹೆಸರು, ವರ್ಷ ಯಾವುದೂ ಇರುವುದಿಲ್ಲ. ಇವರ ಬಗ್ಗೆ ಬರೆಯಲು ನಾನು ಹೋದ ದಿನ ಒಂದರಲ್ಲಿ ಹೀಗಿತ್ತು: “ಕರಿದ ಕೋಳಿಗೆ. ಇವತ್ತು ಖಾರ ಹೆಚ್ಚು. ಚೆನ್ನಾಗಿ ತಣ್ಣಗೆ ಮಾಡಿ ಕುಡಿಯಿರಿ.” ಇನ್ನೊಂದರಲ್ಲಿ: “ಮೀನಿಗೆ. ಕೊಟ್ಟಿರುವ ನಿಂಬೆ ಪೂರ್ತಿ ಹಿಂಡಬೇಡಿ, ಹುಳಿ ಇದರಲ್ಲೇ ಇದೆ.” ಮೂರನೆಯದರಲ್ಲಿ ಬರಿ ಒಂದು ಸಾಲು: “ನೂಡಲ್ಸಿಗೆ ಇವತ್ತು ವೈನ್ ಬೇಡ, ನೀರು ಸಾಕು.” ಆ ಚೀಟಿಯನ್ನು ಯಾವ ಬಾಟಲಿಗೂ ಕಟ್ಟಿರಲಿಲ್ಲ, ಕಪಾಟಿನ ಅಂಚಿಗೆ ಅಂಟಿಸಿದ್ದರು. ನೂಡಲ್ಸಿನವನು ಆ ದಿನ ಹೊಸ ಸಾಸ್ ತಂದಿದ್ದನಂತೆ.

ಒಂದು ಚೀಟಿಗೆ ಒಂದೇ ದಿನದ ಆಯುಸ್ಸು. ಮರುದಿನ ಅಂಗಡಿ ತೆಗೆಯುವ ಮೊದಲು ಎಲ್ಲವನ್ನೂ ಕತ್ತರಿಸಿ ಹೊಸದು ಕಟ್ಟುತ್ತಾರೆ. ನಿನ್ನೆಯದೇ ಇದ್ದರೆ ಏನಾಗುತ್ತದೆ ಎಂದರೆ ನಕ್ಕರು. “ನಿನ್ನೆ ಅಡುಗೆ ಮಾಡಿದವರು ಇವತ್ತು ಹೆಂಡ್ತಿ ಜೊತೆ ಜಗಳ ಆಡಿರ್ತಾರೆ. ಟೊಮೇಟೊ ಹುಳಿ ಬಂದಿರುತ್ತೆ. ಎಣ್ಣೆ ಹಳೇದಾಗಿರುತ್ತೆ. ಬೋರ್ಡಿನಲ್ಲಿ ಹೆಸರು ಅದೇ ಇರುತ್ತೆ, ತಿನ್ನೋದು ಬೇರೆ ಇರುತ್ತೆ.”

ಲೆಕ್ಕ ಹಾಕಿದರೆ ಅವರ ಒಂದು ಬೆಳಗ್ಗೆ ಹೀಗಿದೆ. ಏಳು ಹಿಂಬಾಗಿಲು, ಇಪ್ಪತ್ತೆರಡರಿಂದ ಇಪ್ಪತ್ತಾರು ಚಮಚ ಅಡುಗೆ, ಸುಮಾರು ಅರವತ್ತು ಮುಚ್ಚಳ ವೈನ್. ಒಂದು ಹನಿಯೂ ಗಂಟಲಿಗೆ ಇಳಿಯುವುದಿಲ್ಲ. ಎಂಟು ಗಂಟೆಗೆ ಅಂಗಡಿಗೆ ಬಂದರೆ ನೆಲಮಾಳಿಗೆಗೆ ಮೂವತ್ತೊಂದು ಮೆಟ್ಟಿಲು. ದಿನಕ್ಕೆ ಹತ್ತು ಹನ್ನೆರಡು ಸಲ ಹತ್ತಿಳಿಯಬೇಕು. ಸರಾಸರಿ ನಲವತ್ತು ಚೀಟಿ. ಬರೆಯುವುದಕ್ಕಿಂತ ಕಟ್ಟುವುದು ಕಷ್ಟ, ಬೆರಳ ಗಂಟುಗಳು ಈಗ ಮಾತು ಕೇಳುವುದಿಲ್ಲ. ಹಾಗೆ ಹೇಳುತ್ತಲೇ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾರೆ.

ಈ ವಿದ್ಯೆ ಅವರಿಗೆ ಬಂದದ್ದು ತೊಳೆಯುವ ತೊಟ್ಟಿಯಿಂದ. ಮದುವೆಯಾಗಿ ಬಂದ ಹೊಸದರಲ್ಲಿ ಈ ಬೀದಿಯದೇ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದರು. ಹನ್ನೊಂದು ವರ್ಷ ತೊಳೆದರು. ಊಟ ಮುಗಿದ ಮೇಜಿನಿಂದ ತಟ್ಟೆ ಮತ್ತು ಗ್ಲಾಸು ಒಂದೇ ಟ್ರೇಯಲ್ಲಿ ಒಳಗೆ ಬರುತ್ತವೆ. ತಟ್ಟೆಯೂ ಖಾಲಿ, ಗ್ಲಾಸೂ ಖಾಲಿ ಇದ್ದರೆ ಎರಡಕ್ಕೂ ಹೊಂದಿತು ಎಂದು ಅರ್ಥ. ತಟ್ಟೆ ಖಾಲಿಯಾಗಿ ಗ್ಲಾಸಿನಲ್ಲಿ ಅರ್ಧ ಉಳಿದರೆ ಏನೋ ಕೆಟ್ಟಿದೆ. ಎಂಜಲು ಚೆಲ್ಲುವ ಮೊದಲು ಒಂದು ಕ್ಷಣ ನೋಡುವುದು, ಮೂಸುವುದು ಅಭ್ಯಾಸವಾಯಿತು. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಟ್ರೇಗಳೋ. “ಬೇರೆಯವರು ರುಚಿ ನೋಡಿ ಕಲೀತಾರೆ. ನಾನು ಎಂಜಲು ನೋಡಿ ಕಲಿತೆ,” ಅನ್ನುತ್ತಾರೆ. ಅದರಲ್ಲಿ ಅವರಿಗೆ ನಾಚಿಕೆಯೂ ಇಲ್ಲ, ಹೆಚ್ಚುಗಾರಿಕೆಯೂ ಇಲ್ಲ.

ವೈನ್ ಅಂಗಡಿಗೆ ಅವರು ಬಂದದ್ದು ನೆಲ ಒರೆಸಲು. ಗಂಡ ಆಗ ಅದೇ ಅಂಗಡಿಗೆ ಪೆಟ್ಟಿಗೆ ಸಾಗಿಸುವ ವ್ಯಾನ್ ಓಡಿಸುತ್ತಿದ್ದರು. ಒಂದು ಸಂಜೆ ಗಿರಾಕಿಯೊಬ್ಬರು ಸುಟ್ಟ ಮೀನಿನ ಪೊಟ್ಟಣ ಹಿಡಿದು ಕೆಂಪು ವೈನ್ ಕೇಳಿದರು. ಈಗಿನ ಯಜಮಾನರ ತಂದೆ ಬಾಟಲಿ ತೆಗೆದುಕೊಟ್ಟರು. ನೆಲ ಒರೆಸುತ್ತಿದ್ದ ಇವರು ತಲೆ ಎತ್ತದೆ, ಅದು ಬೇಡ, ಆ ಮೀನಿಗೆ ಆ ಒಗರು ಸೇರಿದರೆ ಬಾಯಿ ತುಕ್ಕು ಹಿಡಿದ ಹಾಗಾಗುತ್ತದೆ ಎಂದುಬಿಟ್ಟರು. ಹಿರಿಯರಿಗೆ ಸಿಟ್ಟು ಬಂತು. ಗಿರಾಕಿ ಹೋದ ಮೇಲೆ ಬಾಗಿಲು ಹಾಕಿ, ಮೀನು ತರಿಸಿ, ಅದೇ ಬಾಟಲಿ ಬಿಚ್ಚಿ ಕುಡಿದು ನೋಡಿದರು. ಮರುದಿನದಿಂದ ನೆಲ ಒರೆಸಲು ಬೇರೆಯವರು ಬಂದರು. ಇದಾಗಿ ಹತ್ತೊಂಬತ್ತು ವರ್ಷ.

ಕಂಪನಿಯವರು ಬಾಟಲಿ ಮಾರಲು ಬಂದಾಗ ಅದರಲ್ಲಿ ಚೆರ್ರಿ ಇದೆ, ತೊಗಲಿನ ವಾಸನೆ ಇದೆ, ನೆನೆದ ಕಲ್ಲಿನ ಪರಿಮಳ ಇದೆ ಎಂದೆಲ್ಲ ಹೇಳುತ್ತಾರೆ. ಚೀಟಿಯಕ್ಕ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ತಮ್ಮ ಪುಸ್ತಕದಲ್ಲಿ “ಹುಳಿ ಮುಂದೆ, ಒಗರು ಕಮ್ಮಿ” ಎಂದು ಬರೆದುಕೊಳ್ಳುತ್ತಾರೆ. ಅವರ ಶಾಸ್ತ್ರ ಇಷ್ಟೇ. ಜಿಡ್ಡಿಗೆ ಹುಳಿ ಬೇಕು, ಬಾಯಿ ತೊಳೆದುಕೊಡುತ್ತದೆ. ಖಾರಕ್ಕೆ ಚೂರು ಸಿಹಿ ಇರುವುದು, ತಲೆಗೇರದ್ದು ಬೇಕು. ಖಡಕ್ ವೈನ್ ಕೊಟ್ಟರೆ ಖಾರ ಹೊತ್ತಿ ಉರಿಯುತ್ತದೆ. ದಪ್ಪ ಮಾಂಸದ ಗೊಜ್ಜಿಗೆ ಒಗರು. ಎಲ್ಲಕ್ಕಿಂತ ಮುಖ್ಯ ಉಪ್ಪು. ಉಪ್ಪು ಬಿದ್ದರೆ ಎಂಥ ಹುಳಿ ವೈನೂ ಮೆತ್ತಗಾಗುತ್ತದೆ. “ಉಪ್ಪು ಎಷ್ಟು ಅಂತ ಗೊತ್ತಾಗದೆ ಬಾಟ್ಲಿ ಮುಟ್ಟಬಾರದು,” ಅನ್ನುತ್ತಾರೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಹೇಳದೆ ಇದ್ದದ್ದೇ ಈ ವರ್ಷ ಅವರಿಗೆ ಮುಳುವಾಯಿತು.

ವರ್ಷದ ಆರಂಭದಲ್ಲಿ ಒಂದು ದಿನ ನೆಲಮಾಳಿಗೆಯ ಮೆಟ್ಟಿಲಲ್ಲಿ ತಲೆ ಸುತ್ತಿ ಕುಸಿದರು. ಆರು ಬಾಟಲಿ ಒಡೆಯಿತು, ಕೈಗೆ ನಾಲ್ಕು ಹೊಲಿಗೆ. ಗಂಡ ತೀರಿಕೊಂಡ ಮೇಲೆ ಅವರ ಜೊತೆ ಇರುವುದು ನಾದಿನಿ. ಇವರಿಗಿಂತ ಆರು ವರ್ಷ ಚಿಕ್ಕವರು, ಹತ್ತಿರದ ಕ್ಲಿನಿಕ್ಕಿನಲ್ಲಿ ಆಯಾ. ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ಅವರೇ. ಬಿಪಿ ಏರಿದೆ, ಉಪ್ಪು ಕಡಿಮೆ ಮಾಡಿ ಎಂದರು ಡಾಕ್ಟರು. ನಾದಿನಿ ಆ ಸಂಜೆಯೇ ಮನೆಯ ಉಪ್ಪಿನ ಡಬ್ಬಿಯನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಅಡುಗೆಗೆ ಬೇಕಾದಷ್ಟನ್ನು ಚಿಟಿಕೆಯಲ್ಲಿ ತಂದು ಹಾಕುತ್ತಾರೆ. “ನಮ್ಮತ್ತಿಗೆ ಬೀಗದ ಕೈ ಕೇಳಿದ್ರೆ, ನಾನು ಒಡವೆ ಇಟ್ಟಿದೀನಿ ಅಂತೀನಿ,” ಎಂದು ನಾದಿನಿ ನನಗೂ ಹೇಳಿದರು. ಮೂಲೆಯಲ್ಲಿ ದಾರ ಬಿಡಿಸುತ್ತಿದ್ದ ಅತ್ತಿಗೆ, “ಇವಳ ಒಡವೆ ನಾನು ನೋಡಿಲ್ವಾ, ಒಂದು ಜೊತೆ ಓಲೆ,” ಎಂದರು.

ಇದಾಗಿ ಎರಡು ವಾರಕ್ಕೆ ಮೊದಲ ಬಾಟಲಿ ವಾಪಸ್ ಬಂತು.

ತಂದವರು ನಿವೃತ್ತ ಬಸ್ ಡ್ರೈವರ್. ಪ್ರತಿ ಶುಕ್ರವಾರ ಕರಿದ ಕೋಳಿ, ಜೊತೆಗೆ ಒಂದು ಬಾಟಲಿ. ಗಂಡಹೆಂಡತಿ ಇಬ್ಬರ ವಾರದ ಹಬ್ಬ ಅಷ್ಟೇ. ಹದಿನಾಲ್ಕು ವರ್ಷದಿಂದ ಬರುತ್ತಿದ್ದಾರೆ. ಶನಿವಾರ ಬೆಳಗ್ಗೆ ಮುಕ್ಕಾಲು ಪಾಲು ಉಳಿದ ಬಾಟಲಿಯನ್ನು ಕೌಂಟರಿನ ಮೇಲಿಟ್ಟು, “ಅಕ್ಕ, ಇದು ನೀವೇ ಆರಿಸಿದ್ದಾ? ಬೇರೆ ಯಾರಾದ್ರೂ ಚೀಟಿ ಕಟ್ಟಿದ್ರಾ?” ಎಂದು ಕೇಳಿದರು. ಕುಡಿದರೆ ನೀರು ಕುಡಿದಂತಿತ್ತಂತೆ. ದುಡ್ಡು ಬೇಡ, ಸುಮ್ಮನೆ ಹೇಳಿ ಹೋಗೋಣ ಎಂದು ಬಂದೆ ಎಂದರು. ಆ ಮಾತು ಅಕ್ಕನಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಟ್ಟಿತು.

ಅವರ ಕಸುಬಿನಲ್ಲಿ ಹೊಗಳಿಕೆ ಅನ್ನುವುದಿಲ್ಲ. ಹೊಂದಿದರೆ ಜನ ಉಂಡು ಮಲಗುತ್ತಾರೆ, ಹೇಳಲು ಯಾರೂ ಬರುವುದಿಲ್ಲ. ಹೊಂದದಿದ್ದರೆ ಬರುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ತಿಂಗಳಿಗೆ ಒಬ್ಬರು ಬಂದರೆ ಹೆಚ್ಚು. ಆ ಮೂರು ವಾರದಲ್ಲಿ ಹನ್ನೊಂದು ಜನ ಬಂದರು. ಎಲ್ಲರದೂ ಒಂದೇ ದೂರು: ಸಪ್ಪೆ.

ಯಜಮಾನರು ಕೆಟ್ಟವರಲ್ಲ. ತಂದೆಯ ಕಾಲದವರು ಎಂದು ಅಕ್ಕನ ಮೇಲೆ ಗೌರವವಿದೆ. ಆದರೆ ಕಂಪನಿಯವನೊಬ್ಬ ಬಣ್ಣದ ಚಾರ್ಟು ತಂದುಕೊಟ್ಟಿದ್ದ. ಒಂದು ಕಡೆ ತಿಂಡಿಯ ಚಿತ್ರ, ಎದುರಿಗೆ ಬಾಟಲಿಯ ಚಿತ್ರ, ನಡುವೆ ಒಂದು ಗೆರೆ. ಗೋಡೆಗೆ ಅಂಟಿಸಿದರೆ ಮುಗಿಯಿತು. ಬೆಳಗ್ಗೆ ಯಾರೂ ಗಲ್ಲಿ ಸುತ್ತಬೇಕಿಲ್ಲ, ಹದಿನಾಲ್ಕು ಬಾಟಲಿ ಬಿಚ್ಚಿಡಬೇಕಿಲ್ಲ. ಯಜಮಾನರು ಅದನ್ನು ಸುರುಳಿ ಸುತ್ತಿ ಕೌಂಟರಿನ ಪಕ್ಕ ನಿಲ್ಲಿಸಿ, ಈ ತಿಂಗಳು ಮುಗಿಯಲಿ ನೋಡೋಣ ಎಂದರು. ಅಕ್ಕನಿಗೆ ವಯಸ್ಸಾಯಿತು, ಕೂತು ಮಾಡುವ ಕೆಲಸ ಕೊಡೋಣ, ಬಿಲ್ಲು ಹಾಕಲಿ ಎಂದೂ ಸೇರಿಸಿದರು. ಅವರು ಅದನ್ನು ಉಪಕಾರ ಎಂದುಕೊಂಡೇ ಹೇಳಿದ್ದು.

ಚೀಟಿಯಕ್ಕ ವಾದ ಮಾಡಲಿಲ್ಲ. ನಾಲಿಗೆ ಹೋಯಿತು ಎಂದು ಅವರಿಗೇ ಅನ್ನಿಸಿಬಿಟ್ಟಿತ್ತು. “ಮನೇಲಿ ಉಂಡರೆ ಸಪ್ಪೆ. ಏಳು ಅಡುಗೆಮನೇಲಿ ತಿಂದ್ರೂ ಸಪ್ಪೆ. ಎಲ್ಲರೂ ಒಟ್ಟಿಗೆ ಕೆಡೋಕೆ ಸಾಧ್ಯ ಇಲ್ವಲ್ಲ. ಹಾಗಾದ್ರೆ ಸಪ್ಪೆ ಆಗಿರೋದು ನಾನೇ ಅಂದ್ಕೊಂಡೆ,” ಎಂದು ಈಗ ಹೇಳುತ್ತಾರೆ. ಯಾರಿಗೂ ಹೇಳಲಿಲ್ಲ. ನಾದಿನಿಗೂ ಇಲ್ಲ. ಬೆಳಗ್ಗೆ ಎದ್ದು ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದರಂತೆ. ಕೆಂಪಗೆ ಮೊದಲಿನ ಹಾಗೆಯೇ ಇತ್ತಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಬೇಸರವಿಲ್ಲ, ಸುಸ್ತಿದೆ. ದುಃಖವನ್ನು ದೂಡಿ ದೂಡಿ ಮೂಲೆ ಸೇರಿಸಿದವರಿಗೆ ಬರುವ ಸುಸ್ತು.

ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಚಾರ್ಟು ಅಂಟಿಸಿಕೊಳ್ಳಿ ಎಂದು ತಾವೇ ಹೇಳಿಬಿಡುವುದು, ಬಿಲ್ಲು ಹಾಕುವ ಕೆಲಸವೂ ಬೇಡ, ಮನೆಯಲ್ಲಿರುವುದು ಎಂದು ನಿರ್ಧರಿಸಿದ್ದರು. ಹೇಳುವ ಮಾತನ್ನು ಬಸ್ಸಿನಲ್ಲಿ ಮನಸ್ಸಿನಲ್ಲೇ ನಾಲ್ಕೈದು ಸಲ ಹೇಳಿಕೊಂಡೂ ಆಗಿತ್ತು.

ಆ ಸಂಜೆ ನಾದಿನಿಗೆ ಎರಡನೇ ಪಾಳಿ. ಮನೆಗೆ ಹೋಗಿ ಒಲೆ ಹಚ್ಚುವ ಶಕ್ತಿ ಇವರಿಗಿರಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಕರಿದ ಕೋಳಿಯ ಅಂಗಡಿಯ ಮುಂದಿನ ಕಿಟಕಿಯಲ್ಲಿ ಸಾಲು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಆ ಅಂಗಡಿಯ ಮುಂಭಾಗಕ್ಕೆ ಅವರು ಬಂದದ್ದು ಅದೇ ಮೊದಲು. ಕಿಟಕಿಯಲ್ಲಿ ಕೂತಿದ್ದವರು ಬಾಣಲೆಯಣ್ಣನ ಹೆಂಡತಿ. ಸಾಲಿನ ಗದ್ದಲದಲ್ಲಿ ತಲೆಯೂ ಎತ್ತದೆ ಪೊಟ್ಟಣ ಕೊಟ್ಟರು. ನಿಲ್ದಾಣದ ಬೆಂಚಿನ ಮೇಲೆ ಕೂತು ಚೀಟಿಯಕ್ಕ ಮೊದಲ ತುತ್ತು ಕಚ್ಚಿದರು.

ಉಪ್ಪು. ಕೆನ್ನೆಯ ಒಳಗೆಲ್ಲ ನೀರೂರಿತು. ಎರಡನೇ ತುತ್ತೂ ಹಾಗೆಯೇ. ಹದವಾದ, ಕರಿದ ಕೋಳಿಗೆ ಎಷ್ಟು ಬೇಕೋ ಅಷ್ಟೇ ಉಪ್ಪು. ನಾಲಿಗೆ ಎಲ್ಲಿಯೂ ಹೋಗಿರಲಿಲ್ಲ. ಬಸ್ಸು ಬಂದು ಹೋಯಿತು. ಅವರು ಹತ್ತಲಿಲ್ಲ.

ಉಳಿದ ಒಂದು ತುಂಡನ್ನು ಪೊಟ್ಟಣದಲ್ಲಿ ಸುತ್ತಿಕೊಂಡು ಮನೆಗೆ ಹೋದರು. ಮರುದಿನ ಬೆಳಗ್ಗೆ ಅದನ್ನು ಹಿಡಿದುಕೊಂಡೇ ಹಿಂಬಾಗಿಲಿಗೆ ಬಂದರು. ಬಾಣಲೆಯಣ್ಣ ಕೊಟ್ಟ ಬಿಸಿ ತುಂಡು ತಿಂದರು. ಸಪ್ಪೆ. ಪೊಟ್ಟಣದ ತಣ್ಣನೆಯ ತುಂಡು ತಿಂದರು. ಉಪ್ಪು. ಆಗ ಒಲೆಯ ಪಕ್ಕದಲ್ಲಿ ತಟ್ಟೆ ಮುಚ್ಚಿಟ್ಟಿದ್ದ ಒಂದು ಪುಟ್ಟ ಬಟ್ಟಲು ಅವರ ಕಣ್ಣಿಗೆ ಬಿತ್ತು. ಹಿಂದಿನ ಮೂರು ವಾರವೂ ಅದು ಅಲ್ಲೇ ಇತ್ತು. ಅದೇನು ಎಂದು ಕೇಳಿದರು.

ಬಾಣಲೆಯಣ್ಣ ಸಿಕ್ಕಿಬಿದ್ದವನಂತೆ ಸೌಟು ಹಿಡಿದು ನಿಂತ. “ನಿಮ್ಮದೇ ಅಕ್ಕ. ಬೇರೆ ನೆನೆಸಿಟ್ಟಿದ್ದು. ನಿಮಗೆ ಉಪ್ಪು ಆಗಬಾರದು ಅಂತ ನಿಮ್ಮ ನಾದಿನಿ ಬಂದು ಹೇಳಿ ಹೋದ್ರು. ನಾನೇ ಎಲ್ಲರಿಗೂ ಹೇಳಿದೆ.”

ಎಲ್ಲರಿಗೂ ಅಂದರೆ ಏಳೂ ಅಡುಗೆಮನೆಗೆ. ನಾದಿನಿ ಲೆಕ್ಕ ಹಾಕಿದ್ದರು: ಮನೆಯಲ್ಲಿ ಎಷ್ಟೇ ಬೀಗ ಹಾಕಿದರೂ ಅತ್ತಿಗೆ ದಿನಾ ಬೆಳಗ್ಗೆ ಇಪ್ಪತ್ತೈದು ಚಮಚ ಹೊರಗಿನ ಅಡುಗೆ ನುಂಗುತ್ತಾರೆ. ಅತ್ತಿಗೆಗೆ ಹೇಳಿದರೆ ಕೇಳುವವರಲ್ಲ. ಹಾಗಾಗಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೊದಲ ಬಾಗಿಲಿಗೆ ಹೋಗಿ ಒಂದು ಮಾತು ಹೇಳಿದರು. ಗಲ್ಲಿಯವರೆಲ್ಲ ಅದನ್ನು ತಲೆಯ ಮೇಲೆ ಹೊತ್ತುಕೊಂಡರು. ಗೊಜ್ಜಿನವನು ಉಪ್ಪು ಹಾಕುವ ಮೊದಲೇ ಒಂದು ಬಟ್ಟಲು ಎತ್ತಿಡುತ್ತಿದ್ದ. ಮೀನಿನವಳು ಒಂದು ಮೀನನ್ನು ಮಸಾಲೆಗೆ ಹಾಕದೆ ಬೇರೆ ಸುಡುತ್ತಿದ್ದಳು. ವೈನಿಗೂ ಉಪ್ಪಿಗೂ ಸಂಬಂಧವಿದೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಕ್ಕ ಮೂಸಿ ನೋಡಿ ಬಾಟಲಿ ಆರಿಸುತ್ತಾರೆ ಎಂದುಕೊಂಡಿದ್ದರು. ಉಪ್ಪಿಲ್ಲದ ಕೋಳಿಗೆ ಹುಳಿ ವೈನು ಅತಿಯಾಗಿ ಕಂಡು, ಅಕ್ಕ ಮೆತ್ತನೆಯದನ್ನು ಆರಿಸುತ್ತಿದ್ದರು. ಅದು ಗಿರಾಕಿಗಳ ಮನೆಯಲ್ಲಿ ಉಪ್ಪಿನ ಕೋಳಿಯ ಮುಂದೆ ನೀರಾಗುತ್ತಿತ್ತು. ಏಳು ಅಡುಗೆಮನೆಯವರು ಸೇರಿ, ಪ್ರೀತಿಯಿಂದ, ಅವರ ಕೆಲಸವನ್ನು ಕಳೆಯುವ ಹಂತಕ್ಕೆ ತಂದಿದ್ದರು.

ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. “ಸಿಟ್ಟು ಮಾಡೋಕೂ ತ್ರಾಣ ಬೇಕಲ್ಲ. ಕೂತ್ಕೋಬೇಕು ಅನ್ನಿಸ್ತು ಅಷ್ಟೆ. ಅಲ್ಲೇ ಆಲೂಗಡ್ಡೆ ಮೂಟೆ ಇತ್ತು, ಕೂತೆ.” ಆಮೇಲೆ ನಗು ಬಂತಂತೆ. ಬಾಣಲೆಯಣ್ಣ ಹೆದರಿ ನೀರು ತಂದನಂತೆ. ನೀರು ಕುಡಿದು, ಜನ ತಿನ್ನುವುದನ್ನೇ ನನಗೂ ಕೊಡು ಎಂದರು. ಅವನು ಒಪ್ಪಲಿಲ್ಲ. ನಿಮ್ಮ ನಾದಿನಿ ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದ.

ಮನೆಯಲ್ಲಿ ಆ ದಿನ ಏನು ನಡೆಯಿತು ಎನ್ನುವುದನ್ನು ಇಬ್ಬರೂ ಬೇರೆ ಬೇರೆ ರೀತಿ ಹೇಳುತ್ತಾರೆ. ಅತ್ತಿಗೆ ತಟ್ಟೆ ತಳ್ಳಿದರು ಎಂದು ನಾದಿನಿ, ನಾದಿನಿ ಅತ್ತುಬಿಟ್ಟಳು ಎಂದು ಅತ್ತಿಗೆ. ಎರಡೂ ನಿಜವಿರಬೇಕು. ನಾದಿನಿ ಹೇಳಿದ ಒಂದು ಮಾತು ಮಾತ್ರ ಇಬ್ಬರ ನೆನಪಿನಲ್ಲೂ ಒಂದೇ ಥರ ಉಳಿದಿದೆ: “ಅಣ್ಣ ಹೋದಾಗ ನಾನು ಡ್ಯೂಟಿಲಿದ್ದೆ. ನೀವೂ ಹಾಗೆ ಹೋದ್ರೆ ನನಗ್ಯಾರು?” ನಾಲಿಗೆಗೆ ಉಪ್ಪು ಬೇಕು, ರಕ್ತಕ್ಕೆ ಬೇಡ.

ದಾರಿ ಕಂಡುಕೊಂಡದ್ದು ಚೀಟಿಯಕ್ಕನೇ. ವೈನನ್ನು ಇಷ್ಟು ವರ್ಷ ಉಗುಳಿದ್ದೇನೆ, ಇನ್ನು ಅಡುಗೆಯನ್ನೂ ಉಗುಳುತ್ತೇನೆ ಎಂದರು. ಹೇಳುವಷ್ಟು ಸುಲಭವಾಗಿರಲಿಲ್ಲ. ಅಷ್ಟು ದಿನವೂ ಅವರು ಅಡುಗೆಯನ್ನು ಮಾತ್ರ ನುಂಗುತ್ತಿದ್ದರು. ಮಾಡಿದವರ ಎದುರಿಗೆ ನಿಂತು, ಅವರು ಕೊಟ್ಟ ಅನ್ನವನ್ನು ಅವರ ಬಾಗಿಲಲ್ಲೇ ಉಗುಳುವುದು ಹೇಗೆ? ಪಾತ್ರೆ ತೊಳೆದು ಬಂದವರಿಗೆ ಅನ್ನದ ಬೆಲೆ ಗೊತ್ತು. ಮೊದಲ ದಿನ ಬಾಯಲ್ಲಿ ತುತ್ತು ಇಟ್ಟುಕೊಂಡು ನಿಂತೇ ಇದ್ದರಂತೆ, ಉಗುಳಲೂ ಆಗದೆ ನುಂಗಲೂ ಆಗದೆ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ ಬಾಣಲೆಯಣ್ಣ ತಿರುಗಿ ಒಲೆಯ ಕಡೆ ಮುಖ ಮಾಡಿದ. ಅವನ ಬೆನ್ನು ನೋಡುತ್ತ ಅವರು ಡಬ್ಬಿಯ ಮುಚ್ಚಳ ತೆಗೆದರು.

ಅಂದಿನಿಂದ ಏಳು ಬಾಗಿಲಲ್ಲೂ ಅದೇ ಕ್ರಮ. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಅಕ್ಕನ ಕೈ ಡಬ್ಬಿಗೆ ಹೋಯಿತು ಎಂದರೆ ಮೀನಿನವಳಿಗೆ ಕೆಂಡ ಕೆದಕುವ ಕೆಲಸ ನೆನಪಾಗುತ್ತದೆ, ನೂಡಲ್ಸಿನವನಿಗೆ ಮೇಲಿನ ಕಪಾಟಿನಲ್ಲಿ ಏನೋ ಬೇಕಾಗುತ್ತದೆ. ಆಮ್ಲೆಟ್ಟಿನ ಮುದುಕರು ಮಾತ್ರ ಎಲ್ಲೂ ಹೋಗಲಾರರು. ಕನ್ನಡಕ ತೆಗೆದು ಒರೆಸುತ್ತ ನಿಲ್ಲುತ್ತಾರೆ.

ಯಜಮಾನರಿಗೆ ಚೀಟಿಯಕ್ಕ ಇದನ್ನೆಲ್ಲ ಹೇಳಲಿಲ್ಲ. ಅಡುಗೆಯವರ ಮೇಲೆ ಮಾತು ಬರುವುದು ಬೇಡ ಎಂದು. ಉಳಿದ ಮೂರು ದಿನ ಒಂದು ದೂರೂ ಬರಲಿಲ್ಲ. ಮುಂದಿನ ವಾರವೂ ಇಲ್ಲ. ತಿಂಗಳು ಮುಗಿದು ಹೊಸ ತಿಂಗಳು ಬಂದರೂ ಚಾರ್ಟು ಸುರುಳಿಯಲ್ಲೇ ಇತ್ತು. ಒಂದು ದಿನ ಯಜಮಾನರೇ ಅದನ್ನು ಎತ್ತಿ ಅಕ್ಕನ ಮೇಜಿನ ಮೇಲಿಟ್ಟು, ಇದರ ಹಿಂಭಾಗದಲ್ಲಿ ಬರೆಯೋಕೆ ಬರುತ್ತಾ ನೋಡಿ ಎಂದು ಹೇಳಿ ಹೋದರು. ಬರುತ್ತದೆ. ಕಾಗದ ದಪ್ಪಗಿದೆ, ಫ್ರಿಜ್ಜಿನ ತೇವಕ್ಕೆ ಮೆತ್ತಗಾಗುವುದಿಲ್ಲ. ಈಗ ಅವರು ಕಟ್ಟುವ ಚೀಟಿಗಳನ್ನು ತಿರುಗಿಸಿ ನೋಡಿದರೆ ಒಂದರಲ್ಲಿ ಅರ್ಧ ಮೀನು, ಇನ್ನೊಂದರಲ್ಲಿ ಬಾಟಲಿಯ ಬುಡ ಕಾಣುತ್ತದೆ. ಯಜಮಾನರಿಗೆ ಗಲ್ಲಿಯ ಕಥೆ ಯಾವಾಗಲೋ ಗೊತ್ತಾಗಿದೆ. ಗೊತ್ತಿಲ್ಲದವರಂತೆ ಇದ್ದಾರೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಿಪಿ ಇಳಿದಿದೆ, ಮೊಣಕಾಲಿನ ನೋವು ಇಳಿದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೇ ಕಣ್ಣು ಎಳೆಯುತ್ತದೆ. ಇಷ್ಟು ವರ್ಷ ಗಲ್ಲಿಯ ಚಮಚಗಳೇ ಬೆಳಗಿನ ತಿಂಡಿಯಾಗಿದ್ದವು. ಈಗ ಎಲ್ಲವನ್ನೂ ಉಗುಳಿ ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಬಂದು, ನಾದಿನಿ ಕಟ್ಟಿಕೊಟ್ಟ ಸಪ್ಪೆ ತಿಂಡಿಯ ಡಬ್ಬಿ ಬಿಚ್ಚಬೇಕು. ನಾದಿನಿ ಡಬ್ಬಿಯಲ್ಲಿ ಒಂದು ಸೀಳು ನಿಂಬೆ ಇಟ್ಟಿರುತ್ತಾರೆ, ಉಪ್ಪಿನ ಬದಲಿಗೆ. ಇನ್ನೆಷ್ಟು ವರ್ಷ ಎಂದರೆ, ಮೆಟ್ಟಿಲು ಹೇಳುತ್ತದೆ ಎನ್ನುತ್ತಾರೆ. ಕೆಲಸ ಕಲಿಯಲು ಈವರೆಗೆ ಯಾರೂ ಬಂದಿಲ್ಲ. ಎಂಜಲು ನೋಡಿ ಕಲಿಯುವಷ್ಟು ಪುರುಸೊತ್ತು ಈಗ ಯಾರಿಗಿದೆ?

ಏನಾದರೂ ಬೇಕು ಅನ್ನಿಸುತ್ತದೆಯೇ ಎಂದು ಕೊನೆಗೆ ಕೇಳಿದೆ. “ಏಳು ಬಾಗಿಲಲ್ಲೂ ಒಂದೊಂದು ಸ್ಟೂಲ್ ಇದ್ದಿದ್ರೆ ಚೆನ್ನಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಸಲ ಕೂತಿದ್ದು ನೋಡಿ, ಆ ಮೂಟೆ ಮೇಲೆ.” ಹೇಳಿದ ಮೇಲೆ ಅದೂ ಹೆಚ್ಚಾಯಿತು ಅನ್ನಿಸಿತೇನೋ, ಏಳು ಬೇಡ, ನಾಲ್ಕನೇ ಬಾಗಿಲಲ್ಲಿ ಒಂದು ಸಾಕು ಎಂದು ತಿದ್ದಿದರು.

ಅಷ್ಟರಲ್ಲಿ ಬಾಗಿಲ ಗಂಟೆ ಅಲ್ಲಾಡುತ್ತದೆ. ಶುಕ್ರವಾರ ಸಂಜೆ. ನಿವೃತ್ತ ಡ್ರೈವರ್ ಒಳಗೆ ಬಂದು ಬಿಸಿ ಪೊಟ್ಟಣವನ್ನು ಕೌಂಟರಿನ ಮೇಲಿಡುತ್ತಾರೆ, ಏನೂ ಕೇಳುವುದಿಲ್ಲ. ಚೀಟಿಯಕ್ಕ ಕೌಂಟರಿಗೆ ಕೈಯೂರಿ ಏಳುತ್ತಾರೆ. ಫ್ರಿಜ್ಜಿನಿಂದ ಚೀಟಿ ಕಟ್ಟಿದ ಒಂದು ಬಾಟಲಿ ತೆಗೆದು ಪೊಟ್ಟಣದ ಪಕ್ಕ ನಿಲ್ಲಿಸುತ್ತಾರೆ. ಡ್ರೈವರ್ ಎರಡನ್ನೂ ಎತ್ತಿಕೊಂಡು, ತಲೆ ಅಲ್ಲಾಡಿಸಿ, ಹೊರಟುಹೋಗುತ್ತಾರೆ. ಹೋದ ವಾರದ ಬಾಟಲಿ ಹೇಗಿತ್ತು ಎಂದು ಅವರು ಹೇಳಲಿಲ್ಲವಲ್ಲ ಎಂದೆ.

ಚೀಟಿಯಕ್ಕ ಮತ್ತೆ ಕೂತು ದಾರದ ಉಂಡೆ ಕೈಗೆತ್ತಿಕೊಳ್ಳುತ್ತಾರೆ. “ನಿನ್ನೆ ನಲವತ್ತೊಂದು ಚೀಟಿ ಕಟ್ಟಿದ್ದೆ,” ಎನ್ನುತ್ತಾರೆ. “ಯಾರೂ ಏನೂ ಹೇಳಲಿಲ್ಲ.”